ದಾರಿ ಹೆರಿಗೆ

ಹೆರಿಗೆ ರಿಜಿಸ್ಟರಿನಲ್ಲಿ ಮಗು ಎಲ್ಲಿ ಹುಟ್ಟಿತೆಂದು ಗುರುತು ಹಾಕಲು ಮೂರು ಕಾಲಂಗಳಿದ್ದವು: ಆಸ್ಪತ್ರೆ, ಮನೆ, ದಾರಿ. ಲುಸ್ವಿ ಮಲಾವಿಗೆ ಬಂದ ಹೊಸತರಲ್ಲಿ ಕಲೆಂಬ ಊರಿನ ಗುರುತುಗಳೆಲ್ಲ ಮನೆಯ ಕಾಲಂನಲ್ಲೇ ಬೀಳುತ್ತಿದ್ದವು. ಈಗ ಎಂಟು ತಿಂಗಳಿಂದ ಅಲ್ಲಿ ಸೊನ್ನೆ. ಅದನ್ನು ಸೊನ್ನೆಗೆ ತಂದವಳು ತಾನೇ ಎಂದು ಅವಳಿಗೆ ಗೊತ್ತಿತ್ತು. ಬೇರೆಯವರೂ ಹಾಗೇ ಹೇಳುತ್ತಿದ್ದರು. ಕೇಳಲು ಹಿತವಾಗಿಯೇ ಇರುತ್ತಿತ್ತು.

ಅವಳು ಫಿಲಿಪೀನ್ಸಿನ ಸಮಾರ್ ದ್ವೀಪದ ನರ್ಸು, ಮೂವತ್ತೊಂದು ವರ್ಷದವಳು. ಎರಡು ವರ್ಷ ಸ್ವಯಂಸೇವಕಿಯಾಗಿ ಇರುತ್ತೇನೆಂದು ಬರೆದುಕೊಟ್ಟು ಬಂದಿದ್ದಳು, ಹತ್ತೊಂಬತ್ತು ತಿಂಗಳು ಮುಗಿದಿದ್ದವು. ಆರೋಗ್ಯ ಕೇಂದ್ರದ ಹಿಂದಿನ ಎರಡು ಕೋಣೆಯ ತಗಡಿನ ಮನೆ ಅವಳದು. ಬೆಳಗ್ಗೆ ಐದಕ್ಕೆ ಎದ್ದು ಕೊಡಪಾನ ಹಿಡಿದು ಕೈಪಂಪಿಗೆ ಹೋಗುತ್ತಿದ್ದಳು. ಮೊದಮೊದಲು ಹೆಂಗಸರು ಸರದಿ ಬಿಟ್ಟುಕೊಟ್ಟರೆ ಬೇಡವೆನ್ನುತ್ತಿದ್ದಳು. ಈಗ ಯಾರೂ ಕರೆಯದಿದ್ದರೂ ನೇರ ಮುಂದೆ ಹೋಗಿ ಕೊಡ ಇಡುತ್ತಾಳೆ. ಆಮೇಲೆ ಹಿಂದಿನ ದಿನದ ಕೈಗವಸುಗಳನ್ನು ತೊಳೆದು ತಂತಿಯ ಮೇಲೆ ಒಣಹಾಕುವುದು, ಒಂದೇ ಸಲ ಬಳಸಿ ಬಿಸಾಡಬೇಕೆಂದು ಪೆಟ್ಟಿಗೆಯ ಮೇಲೆ ಬರೆದಿರುವುದನ್ನು ನೋಡದಿರುವುದು. ಏಳೂವರೆಗೆ ಬಸುರಿಯರ ಸಾಲು. ಹೊಟ್ಟೆ ಮುಟ್ಟಿ ನೋಡುವುದು, ಕಣ್ಣ ರೆಪ್ಪೆ ಎಳೆದು ರಕ್ತ ಇದೆಯೇ ನೋಡುವುದು, ಮಾತ್ರೆ ಎಣಿಸಿ ಕೊಡುವುದು. ಮಧ್ಯಾಹ್ನ ತನ್ನದೇ ಸಣ್ಣ ಪಾತ್ರೆಯಲ್ಲಿ ಅನ್ನ ಮಾಡಿಕೊಂಡು ಒಣಮೀನಿನ ಜೊತೆ ತಿನ್ನುವುದು.

ಅನ್ನದ ವಿಷಯಕ್ಕೆ ಲಿಂಬಿಕನಿ ದಿನಾ ಅವಳ ಕಾಲೆಳೆಯುತ್ತಿದ್ದ. ಆತ ಕೇಂದ್ರದ ಸರ್ಕಾರಿ ಆರೋಗ್ಯ ಸಹಾಯಕ. ಐವತ್ತರ ಆಸುಪಾಸಿನ ಒಣಕಲು ಮನುಷ್ಯ, ಕಲೆಂಬಕ್ಕೆ ಅಳಿಯನಾಗಿ ಬಂದು ಹೆಂಡತಿಯ ಊರಲ್ಲೇ ನೆಲೆಸಿದವನು. "ಅನ್ನ ತಿಂದ್ರೆ ಊಟ ಆಯ್ತು ಅಂತಲ್ಲ ಸಿಸ್ಟರ್. ನ್ಸಿಮಾ ಮುದ್ದೆ ಇಳೀಬೇಕು ಹೊಟ್ಟೆಗೆ. ಅದಕ್ಕೇ ನೋಡಿ, ನೀವಿನ್ನೂ ಸ್ಕೂಲಿಗೆ ಹೋಗೋ ಹುಡುಗಿ ಥರ ಇದೀರ" ಎನ್ನುತ್ತಿದ್ದ.

ಮನೆಯಲ್ಲಿ ಹೆರಬಾರದೆಂಬ ಕಟ್ಟಳೆಯ ಮಾತು ಎತ್ತಿದವಳು ಲುಸ್ವಿಯೇ. ಹೋದ ಸೆಪ್ಟೆಂಬರಿನಲ್ಲಿ ಮನೆಯಲ್ಲಿ ಹೆತ್ತ ಇಬ್ಬರು ಹೆಂಗಸರು ಒಂದೇ ವಾರದಲ್ಲಿ ಸತ್ತಿದ್ದರು. ಪಕ್ಕದ ಜಿಲ್ಲೆಯ ಊರುಗಳಲ್ಲಿ ಮನೆಯಲ್ಲಿ ಹೆತ್ತರೆ ಮುಖಂಡನಿಗೆ ದಂಡ ಕೊಡಬೇಕೆಂಬ ನಿಯಮ ಮಾಡಿದ್ದಾರೆಂದು ಅವಳು ತರಬೇತಿಯಲ್ಲಿ ಕೇಳಿದ್ದಳು. ಕಲೆಂಬ ಊರಿನ ಮುಖಂಡನ ಹೆಸರೂ ಕಲೆಂಬ. ಹೆಸರು, ಊರು ಎರಡೂ ಸೋದರಮಾವನಿಂದ ಅವನಿಗೆ ಬಂದದ್ದು. ಅವನ ಅಂಗಳದಲ್ಲಿ ಸಭೆ ಸೇರಿಸಿ ಅವಳು ಒಂದು ತಾಸು ಮಾತಾಡಿದಳು. ಮನೆಯಲ್ಲಿ ಹೆತ್ತರೆ ಒಂದು ಆಡು ಎಂದು ತೀರ್ಮಾನವಾಯಿತು. ಆಗ ಹಿಂದಿನ ಸಾಲಿನಿಂದ ಒಬ್ಬ ಗಂಡಸು ಎದ್ದು, ಆಸ್ಪತ್ರೆಗೆ ಹೊರಟವಳು ದಾರಿಯಲ್ಲೇ ಹೆತ್ತುಬಿಟ್ಟರೆ ಏನು ಲೆಕ್ಕ ಎಂದು ಕೇಳಿದ. ಕಲೆಂಬ ಲುಸ್ವಿಯ ಮುಖ ನೋಡಿದ. ಊರಿನ ಗಡಿಯ ಹಳ್ಳ ದಾಟಿದ್ದರೆ ಸಾಕು, ಅವಳು ಹೊರಟದ್ದು ನಿಜ ಎಂದಾಯಿತು, ಆಡು ಕೊಡಬೇಕಾಗಿಲ್ಲ ಎಂದಳು ಲುಸ್ವಿ. ಹೆಂಗಸರು ನಾಲಿಗೆ ಹೊರಳಿಸಿ ಹರ್ಷದ ಕೂಗು ಹಾಕಿದರು. ಇಡೀ ಸಭೆಯಲ್ಲಿ ಹೆಚ್ಚು ಮೆಚ್ಚುಗೆ ಸಿಕ್ಕಿದ್ದು ಆ ಒಂದು ಮಾತಿಗೆ.

ಮನೆಯ ಕಾಲಂ ಖಾಲಿಯಾಯಿತು. ಜಿಲ್ಲಾ ಕಚೇರಿಯವರು ಬಂದು ಕಲೆಂಬನಿಗೆ ಗಾಜು ಹಾಕಿದ ಪ್ರಮಾಣಪತ್ರ ಕೊಟ್ಟರು. ಲುಸ್ವಿಯನ್ನು ಕಳಿಸಿದ ಸಂಸ್ಥೆ ಅವಳ ಫೋಟೋ ತೆಗೆದುಕೊಂಡು ಹೋಗಿ ವಾರ್ಷಿಕ ವರದಿಯಲ್ಲಿ ಹಾಕಿತು. ದಾರಿಯ ಕಾಲಂನಲ್ಲಿ ಮೊದಲು ತಿಂಗಳಿಗೊಂದು, ಆಮೇಲೆ ಮೂರು, ಏಪ್ರಿಲಿನಲ್ಲಿ ಐದು ಗುರುತು ಬಿದ್ದವು. ಹೆಂಗಸರು ತಡಮಾಡಿ ಹೊರಡುತ್ತಿದ್ದಾರೆ ಎಂದುಕೊಂಡಳು. ಎಂಟು ತಿಂಗಳು ತುಂಬುತ್ತಲೇ ಹೆರಿಗೆಗೆ ಕಾಯುವವರಿಗೆಂದು ಕೇಂದ್ರದ ಪಕ್ಕ ಕಟ್ಟಿದ ಕೊಟ್ಟಿಗೆಗೆ ಬಂದು ಇರಿ ಎಂದು ಬೈಯುವುದನ್ನು ಜಾಸ್ತಿ ಮಾಡಿದಳು. ದಾರಿಯಲ್ಲಿ ಹುಟ್ಟಿದ ಮೂರು ಮಕ್ಕಳಿಗೆ ಪಂಜಿರಾ ಎಂದೇ ಹೆಸರಿಟ್ಟರು, ದಾರಿಯಲ್ಲಿ ಸಿಕ್ಕವನು ಎಂದು. "ಈ ವರ್ಷ ಕಲೆಂಬದ ಮಕ್ಕಳಿಗೆಲ್ಲ ಅವಸರ ಜಾಸ್ತಿ" ಎಂದು ಲಿಂಬಿಕನಿ ನಕ್ಕಿದ್ದ. ಅವಳೂ ನಕ್ಕಿದ್ದಳು.

ಮೇ ತಿಂಗಳ ಒಂದು ಮಂಗಳವಾರ, ಶೇಂಗಾ ಕೀಳುವ ಕಾಲ. ಬಸುರಿಯರ ಸಾಲು ಅರ್ಧವೂ ಮುಗಿದಿರಲಿಲ್ಲ. ಕಲೆಂಬದಿಂದ ಒಬ್ಬ ಹೆಂಗಸು ಬೆವರು ಸುರಿಸುತ್ತ ಬಂದಳು. ಎಸಿನಾತಿಯ ಚಿಕ್ಕಮ್ಮ ತಾನು ಎಂದಳು. ಎಸಿನಾತಿ ಯಾರೆಂದು ಲುಸ್ವಿಗೆ ಗೊತ್ತಿತ್ತು. ಇಪ್ಪತ್ನಾಲ್ಕು ವರ್ಷ, ಮೂರನೇ ಬಸಿರು, ಹೋದ ತಿಂಗಳು ನೋಡಿದಾಗ ಕಣ್ಣು ಬಿಳಿಚಿಕೊಂಡಿತ್ತು. ಬೇಗ ಬಂದು ಕೊಟ್ಟಿಗೆಯಲ್ಲಿ ಇರು ಎಂದು ಅವಳ ತಪಾಸಣೆಯ ಪುಸ್ತಕದಲ್ಲಿ ಕೆಂಪು ಅಕ್ಷರದಲ್ಲಿ ಬರೆದುಕೊಟ್ಟಿದ್ದಳು.

ಆಸ್ಪತ್ರೆಗೆಂದು ಹೊರಟಿದ್ದೆವು, ಹಳ್ಳ ದಾಟಿ ಮಾವಿನ ಮರದ ಹತ್ತಿರ ಬರುವಷ್ಟರಲ್ಲಿ ಮಗು ಬಂದೇಬಿಟ್ಟಿತು ಎಂದಳು ಚಿಕ್ಕಮ್ಮ. ಬಾಯಿಪಾಠದ ಹಾಗೆ ಹೇಳಿ ಮುಗಿಸಿ, ಆಮೇಲೆ ದನಿ ಇಳಿಸಿದಳು. "ರಕ್ತ ನಿಲ್ತಾ ಇಲ್ಲ ಸಿಸ್ಟರ್."

ಲುಸ್ವಿ ಫ್ರಿಜ್ಜಿನಿಂದ ಎರಡು ಇಂಜೆಕ್ಷನ್, ಎರಡು ಬಾಟಲಿ ಗ್ಲೂಕೋಸು ತೆಗೆದು ಚೀಲಕ್ಕೆ ತುರುಕಿದಳು. ಜಿಲ್ಲಾ ಆಸ್ಪತ್ರೆಗೆ ಫೋನು ಮಾಡಿದರೆ ಆಂಬುಲೆನ್ಸು ಬೇರೆ ಕಡೆ ಹೋಗಿದೆ, ಮೂರು ತಾಸಾಗಬಹುದು ಎಂದರು. ಲಿಂಬಿಕನಿ ತನ್ನ ಸೈಕಲ್ಲಿನ ಹಿಂದೆ ರೋಗಿಗಳನ್ನು ಸಾಗಿಸುವ ಎರಡು ಚಕ್ರದ ಮಂಚ ಸಿಕ್ಕಿಸಿದ. ಅವಳು ತನ್ನ ಸೈಕಲ್ಲು ಹತ್ತಿದಳು. ಮಾವಿನ ಮರಕ್ಕೆ ಆರು ಕಿಲೋಮೀಟರು, ಕೆಂಪು ಮಣ್ಣಿನ ಉಬ್ಬುತಗ್ಗಿನ ದಾರಿ.

ಎಸಿನಾತಿ ಮರದ ಬುಡದಲ್ಲಿ ಕಪ್ಪು ಪ್ಲಾಸ್ಟಿಕ್ ಹಾಳೆಯ ಮೇಲೆ ಮಲಗಿದ್ದಳು. ಹೆರಿಗೆಗೆ ಬರುವವರು ತರಬೇಕಾದ ಹಾಳೆ ಅದು, ಹೊಸದು, ಮಡಿಕೆಯ ಗೆರೆಗಳಿನ್ನೂ ಹೋಗಿರಲಿಲ್ಲ. ಸೊಂಟದಿಂದ ಕೆಳಗೆ ಸುತ್ತಿದ ಚಿತೆಂಜೆ ಬಟ್ಟೆ ಒದ್ದೆಯಾಗಿ ಕಾಲಿಗೆ ಅಂಟಿತ್ತು. ಅವಳ ಅಜ್ಜಿ ನಾಫಿರಿ ಮಗುವನ್ನು ಎದೆಗೆ ಕಟ್ಟಿಕೊಂಡು ಪಕ್ಕದಲ್ಲಿ ಕುಳಿತಿದ್ದಳು. ಅಮ್ಮ ಸತ್ತ ಮೇಲೆ ಎಸಿನಾತಿಯನ್ನು ಸಾಕಿದ್ದು ಈ ಅಜ್ಜಿಯೇ.

ನಾಡಿ ಬೆರಳಿಗೆ ಸಿಗಲೊಲ್ಲದು. ಲುಸ್ವಿ ತೊಡೆಗೆ ಇಂಜೆಕ್ಷನ್ ಚುಚ್ಚಿದಳು, ಎರಡನೇ ಪ್ರಯತ್ನಕ್ಕೆ ನರ ಸಿಕ್ಕಿ ಗ್ಲೂಕೋಸ್ ಹತ್ತಿಸಿದಳು. ಬಾಟಲಿಯನ್ನು ಲಿಂಬಿಕನಿ ಮರದ ಕೊಂಬೆಗೆ ನೇತುಹಾಕಿದ. ಹೊಟ್ಟೆ ಮುಟ್ಟಿದರೆ ಗರ್ಭಕೋಶ ಹಿಟ್ಟಿನ ಹಾಗೆ ಮೆತ್ತಗಿತ್ತು. ಮಾಸು ಬಿದ್ದಿದೆಯೇ ಎಂದು ಕೇಳಿದಳು. ಬಿದ್ದಿದೆ ಎಂದಳು ಅಜ್ಜಿ. ಎಲ್ಲಿದೆ ತೋರಿಸು ಎಂದರೆ ಹೂತುಬಿಟ್ಟೆವು ಎಂದಳು. ಎಲ್ಲಿ ಹೂತಿರಿ ಎಂದದ್ದಕ್ಕೆ ಮಗುವನ್ನು ಕಟ್ಟಿದ ಬಟ್ಟೆಯ ಗಂಟು ಸರಿಮಾಡತೊಡಗಿದಳು. ಸುತ್ತ ಎಲ್ಲೂ ಅಗೆದ ಗುರುತಿರಲಿಲ್ಲ.

ಆಗ ಅವಳು ನೆಲ ನೋಡಿದಳು. ಹಾಳೆಯ ಸುತ್ತಲಿನ ಮಣ್ಣು ಒಣಗಿತ್ತು. ಹೆರಿಗೆಯಾದ ಜಾಗ ಹಾಗಿರುವುದಿಲ್ಲ. ಮಗುವಿನ ಬಟ್ಟೆ ಬಿಚ್ಚಿದಳು. ಮೈ ತೊಳೆದು ಎಣ್ಣೆ ಸವರಿದ್ದರು. ಹೊಕ್ಕುಳಬಳ್ಳಿಗೆ ಕಟ್ಟಿದ ದಾರದ ಸುತ್ತ ಬಳ್ಳಿ ಆಗಲೇ ಒಣಗಿ ಕಪ್ಪಗಾಗತೊಡಗಿತ್ತು. ಎದ್ದು ನಿಂತು ಹಳ್ಳದ ಕಡೆಗೆ ನೋಡಿದರೆ ಕಾಲುದಾರಿಯ ಉದ್ದಕ್ಕೂ ಹನಿಹನಿಯಾಗಿ ಕಪ್ಪು ಕಲೆ. ಒಂದು ಕಡೆ ದೊಡ್ಡದಿತ್ತು. ಅಲ್ಲಿ ಕೂತು ಸುಧಾರಿಸಿಕೊಂಡಿರಬೇಕು. ಊರಿನಿಂದ ಇಲ್ಲಿಗೆ ಮೂರು ಕಿಲೋಮೀಟರು. ಹೆತ್ತವಳನ್ನು ಅಷ್ಟು ದೂರ ನಡೆಸಿಕೊಂಡು ಬಂದಿದ್ದರು.

ಅವಳು ಅಜ್ಜಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಅಲ್ಲಿಯವರು ಅಜ್ಜಿಯರನ್ನು ಕರೆಯುವ ಹಾಗೆಯೇ ಕರೆದು, ದನಿ ಎತ್ತದೆ ಕೇಳಿದಳು.

"ಗೋಗೊ, ಮಗು ಯಾವಾಗ ಹುಟ್ತು? ನಂಗೆ ನಿಜ ಬೇಕು. ಎಷ್ಟು ಹೊತ್ತಿಂದ ರಕ್ತ ಹೋಗ್ತಿದೆ ಅಂತ ಗೊತ್ತಾದ್ರೆ ಮಾತ್ರ ಮುಂದೆ ಏನು ಮಾಡೋದು ಅಂತ ಗೊತ್ತಾಗುತ್ತೆ."

ಅಜ್ಜಿ ಲಿಂಬಿಕನಿಯ ಕಡೆ ನೋಡಿದಳು, ಅವನ ಸರ್ಕಾರಿ ಅಂಗಿಯ ಕಡೆ.

"ಈಗಷ್ಟೇ. ಇಲ್ಲೇ, ದಾರೀಲೇ."

"ಸುಳ್ಳು ಹೇಳ್ಬೇಡ ಗೋಗೊ. ಇವಳು ಸಾಯ್ತಾಳೆ."

ಮಾತಾಡಿದ್ದು ಎಸಿನಾತಿ. ಕಣ್ಣು ತೆರೆದಿರಲಿಲ್ಲ.

"ದಾರೀಲೇ ಸಿಸ್ಟರ್. ಹಾಗೇ ಬರ್ಕೊಳ್ಳಿ."

ಮಾಸಿನ ಒಂದು ಚೂರು ಒಳಗೇ ಉಳಿದಿತ್ತು. ತೊಳೆದು ಒಣಗಿಸಿದ ಕೈಗವಸು ಹಾಕಿಕೊಂಡು ಲುಸ್ವಿ ಅದನ್ನು ಅಲ್ಲೇ, ಮರದ ಕೆಳಗೆ, ಕೈಯಿಂದ ತೆಗೆದಳು. ಎಸಿನಾತಿ ಕೂಗಲೂ ಇಲ್ಲ. ಅದು ಒಳ್ಳೆಯ ಲಕ್ಷಣವಲ್ಲವೆಂದು ಲುಸ್ವಿಗೆ ಗೊತ್ತಿತ್ತು. ರಕ್ತ ಸ್ವಲ್ಪ ಕಡಿಮೆಯಾಯಿತು, ನಿಲ್ಲಲಿಲ್ಲ. ಮಂಚಕ್ಕೆ ಎತ್ತಿ ಹಾಕಿ ಹೊರಟರು. ಲಿಂಬಿಕನಿ ಸೈಕಲ್ಲು ತುಳಿದ, ಏರು ಬಂದಲ್ಲಿ ಇಳಿದು ಎಳೆದ. ಲುಸ್ವಿ ತನ್ನ ಸೈಕಲ್ಲನ್ನು ಮರದ ಹತ್ತಿರವೇ ಬಿಟ್ಟು ಮಂಚದ ಪಕ್ಕ ಓಡುತ್ತ ಒಂದು ಕೈಯಲ್ಲಿ ಬಾಟಲಿ ಎತ್ತಿ ಹಿಡಿದಳು, ಇನ್ನೊಂದು ಕೈಯಲ್ಲಿ ಹೊಟ್ಟೆ ಒತ್ತಿ ಹಿಡಿದಳು. ಶೇಂಗಾ ಕೀಳುತ್ತಿದ್ದವರು ಸೊಂಟ ನೆಟ್ಟಗೆ ಮಾಡಿ ನೋಡಿದರು. ಇಬ್ಬರು ಗಂಡಸರು ಓಡಿ ಬಂದು ಹಿಂದಿನಿಂದ ತಳ್ಳಿದರು. ತಂಬಾಕು ಒಣಹಾಕುವ ಚಪ್ಪರದ ಹತ್ತಿರ ಎಸಿನಾತಿ ಎರಡು ಸಲ ಆಳವಾಗಿ ಉಸಿರೆಳೆದಳು. ಮೂರನೆಯದು ಬರಲಿಲ್ಲ. ಲುಸ್ವಿ ಎದೆ ಒತ್ತಿದಳು, ಬಾಯಿಗೆ ಗಾಳಿ ಊದಿದಳು, ಕಾಲು ಗಂಟೆ ಬಿಡದೆ ಒತ್ತಿದಳು. ಲಿಂಬಿಕನಿ ಅವಳ ಭುಜ ಹಿಡಿದು ಹಿಂದಕ್ಕೆ ಎಳೆದ. ಕೇಂದ್ರ ಇನ್ನೂ ಎರಡು ಕಿಲೋಮೀಟರು ದೂರವಿತ್ತು.

ಹೆಣವನ್ನು ಮತ್ತೆ ಕಲೆಂಬಕ್ಕೇ ತಿರುಗಿಸುವುದಕ್ಕೆ ಮೊದಲು ಕಾಗದ ಆಗಬೇಕಿತ್ತು. ಕೇಂದ್ರದ ವರಾಂಡದಲ್ಲಿ ಹೆಣ ಇಟ್ಟರು. ಅಜ್ಜಿ ನಾಫಿರಿ ಮಗುವನ್ನು ಹೊತ್ತು ನಿಧಾನವಾಗಿ ನಡೆದು ಬಂದು ತಲುಪುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಮಗುವಿಗೆ ಕೊಡಲು ಹಾಲಿನಪುಡಿ ಇರಲಿಲ್ಲ. ಕೂಸನ್ನು ತೋರಿಸಲು ಬಂದಿದ್ದ ಒಬ್ಬ ಬಾಣಂತಿ ಕೇಳದೆಯೇ ಮಗುವನ್ನು ಇಸಿದುಕೊಂಡು ಮೊಲೆಗೆ ಹಚ್ಚಿದಳು. ಆಗ ಅಜ್ಜಿ ಹೇಳಿದಳು, ಯಾರೂ ಕೇಳದೆಯೇ, ಒಂದನ್ನೂ ಬಿಡದೆ.

ಮೊದಲ ಕೋಳಿ ಕೂಗುವ ಮುಂಚೆಯೇ ಮಗು ಹುಟ್ಟಿತ್ತು. ಮನೆಯಲ್ಲಿ, ಚಾಪೆಯ ಮೇಲೆ. ಮೂರನೆಯದಲ್ಲವೇ, ನೋವು ಶುರುವಾಗಿ ಒಂದು ತಾಸೂ ಆಗಿರಲಿಲ್ಲ. ಕಾಯುವ ಕೊಟ್ಟಿಗೆಗೆ ಬುಧವಾರ ಹೊರಡುವುದೆಂದು ಮಾತಾಗಿತ್ತು, ಪ್ಲಾಸ್ಟಿಕ್ ಹಾಳೆ ತಂದು ಇಟ್ಟಿದ್ದರು, ಶೇಂಗಾ ಕೀಳುವುದು ಒಂದು ಮಡಿ ಉಳಿದಿತ್ತು. ರಕ್ತ ಹೋಗುತ್ತಿತ್ತು, ಆದರೆ ಎಲ್ಲರಿಗೂ ಹೋಗುತ್ತದೆ. ಬೆಳಕು ಹರಿಯುವ ಮೊದಲೇ ಹಳ್ಳ ದಾಟಿಬಿಟ್ಟರೆ ಯಾರೂ ನೋಡುವುದಿಲ್ಲ ಎಂದುಕೊಂಡರು. ಚಾಪೆ ಸುಟ್ಟರು. ಎಸಿನಾತಿಯೇ ನಡೆಯುತ್ತೇನೆ ಎಂದಳು. ಹೋದ ತಿಂಗಳು ಪಕ್ಕದ ಮನೆಯವಳು ಹೀಗೇ ನಡೆದುಕೊಂಡು ಬಂದಿದ್ದಳು, ಅವಳಿಗೆ ಏನೂ ಆಗಿರಲಿಲ್ಲ. ಅದಕ್ಕೂ ಮುಂಚೆ ಇನ್ನೊಬ್ಬಳು. ಎಲ್ಲರೂ ಮಾಡುವುದು ಹಾಗೇ.

"ಎಲ್ಲರೂ ಅಂದ್ರೆ?" ಎಂದಳು ಲುಸ್ವಿ.

ಮುದುಕಿ ಈ ಪ್ರಶ್ನೆಯೇ ಅರ್ಥವಾಗದವಳ ಹಾಗೆ ಅವಳನ್ನು ನೋಡಿದಳು. ಆಮೇಲೆ ಮುಂದಕ್ಕೆ ಬಾಗಿ, ಎರಡು ಕೈ ಜೋಡಿಸಿ ಮೆಲ್ಲಗೆ ತಟ್ಟಿದಳು, ದೊಡ್ಡವರ ಹತ್ತಿರ ಏನಾದರೂ ಬೇಡುವಾಗ ತಟ್ಟುವ ಹಾಗೆ. "ದಾರಿ ಅಂತ ಬರೀ ಸಿಸ್ಟರ್. ಸತ್ತೋಳು ಸತ್ಲು. ಇರೋದು ಒಂದೇ ಆಡು, ಹಾಲು ಕರೀತಿದೆ. ಈ ಕೂಸಿಗೆ ನಾನು ಇನ್ನೇನು ಕುಡಿಸ್ಲಿ?"

ಲುಸ್ವಿ ಒಳಗೆ ಹೋಗಿ ರಿಜಿಸ್ಟರು ತೆಗೆದಳು. ಲಿಂಬಿಕನಿ ಹಿಂದೆಯೇ ಬಂದು ಬಾಗಿಲು ಮುಂದೆ ಮಾಡಿದ. ಅವಳು ದಾರಿಯ ಕಾಲಂನ ಗುರುತುಗಳನ್ನು ಬೆರಳಿಟ್ಟು ಎಣಿಸಿದಳು. ಹದಿನೇಳು.

"ನಿಮಗೆ ಗೊತ್ತಿತ್ತು" ಎಂದಳು.

"ಗೊತ್ತಿತ್ತು. ನನ್ನ ಹೆಂಡ್ತಿ ತಂಗೀನೂ ಹೀಗೇ ಬಂದೋಳು."

"ಹೇಳ್ಲಿಲ್ಲ ಯಾಕೆ?"

ಲಿಂಬಿಕನಿ ಬಾಗಿಲಿಗೆ ಒರಗಿ ನಿಂತ. "ನಿಮಗೆ ಗೊತ್ತಿಲ್ಲ ಅಂತ ನಂಗೆ ಗೊತ್ತಿರ್ಲಿಲ್ಲ ಸಿಸ್ಟರ್. ಹಳ್ಳ ದಾಟಿದ್ರೆ ಆಡು ಬೇಡ ಅಂತ ಸಭೇಲಿ ಹೇಳ್ದೋರು ನೀವೇ ಅಲ್ವಾ. ಜನವೂ ಬದುಕಿಕೊಳ್ಳಲಿ, ಮುಖಂಡನಿಗೂ ಮರ್ಯಾದೆ ಇರಲಿ, ನಿಮ್ಮ ಆಫೀಸಿಗೂ ಸೊನ್ನೆ ಸಿಗಲಿ ಅಂತ ಬೇಕಂತಲೇ ಒಂದು ಸಂದಿ ಬಿಟ್ಟಿದೀರಿ ಅಂದ್ಕೊಂಡ್ವಿ. ಊರಿಗೆ ಊರೇ ಹಾಗೇ ಅಂದ್ಕೊಂಡಿದೆ. ಬುದ್ಧಿವಂತೆ ಅಂತ ಹೊಗಳ್ತಾರೆ ನಿಮ್ಮನ್ನ."

ಅವಳು ಪೆನ್ನು ಹಿಡಿದು ಕೂತಳು. ಮನೆ ಎಂದು ಬರೆದರೆ ಎಂಟು ತಿಂಗಳಲ್ಲಿ ಮೊದಲ ಸಲ ಆ ಕಾಲಂನಲ್ಲಿ ಗುರುತು ಬೀಳುತ್ತದೆ, ಜಿಲ್ಲೆಯವರು ಯಾಕೆ ಎಂದು ಕೇಳುತ್ತಾರೆ, ಕಟ್ಟಳೆಯಿಂದ ಏನಾಗುತ್ತಿದೆ ಎಂದು ಹೇಳಲು ಒಂದು ದಾರಿ ತೆರೆಯುತ್ತದೆ. ಆಡು ಹೋಗುತ್ತದೆ. ದಾರಿ ಎಂದು ಬರೆದರೆ ಆಡು ಉಳಿಯುತ್ತದೆ. ವರಾಂಡದಲ್ಲಿ ಮುದುಕಿ ಇನ್ನೂ ಮೆಲ್ಲಗೆ ಕೈ ತಟ್ಟುತ್ತಲೇ ಇದ್ದಳು, ಸದ್ದು ಒಳಗೆ ಕೇಳಿಸುತ್ತಿತ್ತು. ಲುಸ್ವಿ ದಾರಿಯ ಕಾಲಂನಲ್ಲಿ ಹದಿನೆಂಟನೆಯ ಗುರುತು ಹಾಕಿದಳು. ಹಾಕುವಾಗ ಅದು ಮುದುಕಿಗಾಗಿ ಎಂದುಕೊಂಡಳು. ಹಾಕಿ ಮುಗಿಸಿದ ಮೇಲೆ ತನಗೂ ಸ್ವಲ್ಪ ಹಗುರವಾದದ್ದು ಅವಳ ಗಮನಕ್ಕೆ ಬಂತು. ತನ್ನ ಮೇಲೆಯೇ ಹೇಸಿಗೆಯಾಯಿತು.

ಮಣ್ಣು ಮಾಡುವುದು ಮರುದಿನ. ಸಾವಿನ ಮನೆಗೆ ಹೋಗದವರ ಸಾವಿಗೆ ಯಾರೂ ಬರುವುದಿಲ್ಲ. ಕೇಂದ್ರ ಮುಚ್ಚಿ ಎಲ್ಲರೂ ಹೋದರು. ಲುಸ್ವಿ ಒಂದು ಬೋಗುಣಿ ಮೆಕ್ಕೆಜೋಳದ ಹಿಟ್ಟು ಕೊಟ್ಟು, ಹೆಂಗಸರ ಜೊತೆ ಕಾಲು ಚಾಚಿ ನೆಲದ ಮೇಲೆ ಕೂತಳು. ಅವರು ಜರುಗಿ ಜಾಗ ಕೊಟ್ಟರು, ಹಾಡಿದರು, ಯಾರೂ ಅವಳನ್ನು ಬೇರೆಯಾಗಿ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು ಎನ್ನಿಸಿತು. ಗುಂಡಿಯ ಹತ್ತಿರ ಕಲೆಂಬ ನಾಲ್ಕು ಮಾತಾಡಿದ. ನಮ್ಮ ಈ ಮಗಳು ಸಾಯುವಾಗಲೂ ಆಸ್ಪತ್ರೆಯ ದಾರಿಯಲ್ಲೇ ಇದ್ದಳು, ಕಟ್ಟಳೆ ಮುರಿಯಲಿಲ್ಲ, ಬೇರೆ ಹುಡುಗಿಯರು ಅವಳನ್ನು ನೋಡಿ ಕಲಿಯಬೇಕು ಎಂದ. ಅಜ್ಜಿ ನಾಫಿರಿ ತಲೆ ತಗ್ಗಿಸಿ ಕೇಳಿದಳು.

ಒಂದು ವಾರ ಬಿಟ್ಟು ಲುಸ್ವಿ ಕಲೆಂಬನ ಮನೆಗೆ ಒಬ್ಬಳೇ ಹೋದಳು. ಅವನು ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಶೇಂಗಾ ಬಿಡಿಸುತ್ತಿದ್ದ. ಅವಳಿಗೂ ಕುರ್ಚಿ ತರಿಸಿದ. ಮಳೆ, ಬೆಳೆ, ಅವಳ ಊರಿನ ಕ್ಷೇಮ, ಎಲ್ಲ ಮಾತು ಮುಗಿದ ಮೇಲೆ ಅವಳು ವಿಷಯ ತೆಗೆದಳು. ಆಡಿನ ಕಟ್ಟಳೆ ಬಿಟ್ಟುಬಿಡಿ, ಅದರ ಹೆದರಿಕೆಗೆ ಹೆಂಗಸರು ಸಾಯುತ್ತಿದ್ದಾರೆ ಎಂದಳು.

ಕಲೆಂಬ ಸಿಡುಕಲಿಲ್ಲ. ಇದು ಈಗ ತನ್ನೊಬ್ಬನ ಕೈಯಲ್ಲಿಲ್ಲ ಎಂದ. ದೊಡ್ಡ ಮುಖಂಡರು ಇದನ್ನು ಮೆಚ್ಚಿ ತಮ್ಮ ಕೈಕೆಳಗಿನ ನಲವತ್ತೆರಡು ಊರಿಗೂ ಅನ್ವಯ ಮಾಡಿದ್ದಾರೆ, ಹೋದ ಶುಕ್ರವಾರ ತಾನೇ ಅವರ ಸಭೆಯಲ್ಲಿ ಎದ್ದು ನಿಂತು ಹೇಳಿಬಂದೆ ಎಂದ. ಒಳಗೆ ಹೋಗಿ ಜಿಲ್ಲೆಯವರು ಹಂಚಿದ ಹಾಳೆ ತಂದು ತೋರಿಸಿದ. ಅದರ ಮೇಲೆ ಲುಸ್ವಿಯ ಫೋಟೋ ಇತ್ತು, ಮಗುವೊಂದನ್ನು ಎತ್ತಿಕೊಂಡು ನಗುತ್ತಿದ್ದದ್ದು.

"ಮನೇಲಿ ಯಾರೂ ಹೆರ್ತಾ ಇಲ್ವಲ್ಲ ಸಿಸ್ಟರ್, ನಿಮ್ಮ ಪುಸ್ತಕವೇ ಹೇಳುತ್ತೆ. ಕಟ್ಟಳೆಯಿಂದ ಯಾರು ಸತ್ರು? ಹೆಸರು ಹೇಳಿ."

"ಎಸಿನಾತಿ."

"ಅವಳು ದಾರೀಲಿ ಹೆತ್ತೋಳು. ನೀವೇ ಬರ್ದಿದೀರಿ."

"ನಾನು ಸುಳ್ಳು ಬರ್ದೆ."

ಕಲೆಂಬ ಬಿಡಿಸುತ್ತಿದ್ದ ಕಾಯನ್ನು ತಟ್ಟೆಗೆ ಹಾಕಿ ಕೈ ಒರೆಸಿಕೊಂಡ. ಅವನ ಮುಖದಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಅವನಿಗೂ ಗೊತ್ತಿತ್ತು, ಮೊದಲಿನಿಂದಲೂ ಗೊತ್ತಿತ್ತು ಎಂದು ಅವಳಿಗೆ ಹೊಳೆಯಿತು.

"ಹಾಗಿದ್ರೆ ಈಗಲೇ ನಾಫಿರಿ ಮನೆಗೆ ಆಳು ಕಳಿಸ್ಬೇಕಾಗುತ್ತೆ" ಎಂದ. "ಒಂದು ಆಡು. ಅದು ಬಿಟ್ಟು ಮುಚ್ಚಿಟ್ಟಿದ್ದಕ್ಕೆ ಇನ್ನೊಂದು. ಹಿಂದಿನ ಹದಿನೇಳು ಮನೆಗೂ ಕಳಿಸ್ಬೇಕು, ಒಬ್ಬರಿಗೊಂದು ಇನ್ನೊಬ್ಬರಿಗೊಂದು ನ್ಯಾಯ ಮಾಡೋಕಾಗಲ್ಲ. ನೀವು ಹೇಳಿ, ಕಳಿಸ್ತೀನಿ."

ಅವನು ಕಾದ. ಬೆದರಿಸುವ ದನಿಯಲ್ಲ ಅದು. ನಿಜವಾಗಿಯೂ ಅವಳ ಉತ್ತರಕ್ಕೆ ಕಾಯುತ್ತಿದ್ದ. ಅಂಗಳದ ಆಚೆ ಅವನ ಹೆಂಡತಿ ಮೊರದಲ್ಲಿ ಹಿಟ್ಟು ಕೇರುವುದನ್ನು ನಿಲ್ಲಿಸಿದ್ದಳು.

"ಬೇಡ" ಎಂದಳು ಲುಸ್ವಿ.

"ನಂಗೂ ಬೇಡ" ಎಂದ ಕಲೆಂಬ. ತಟ್ಟೆಯನ್ನು ಅವಳ ಕಡೆ ಸರಿಸಿದ. "ತಗೊಳ್ಳಿ, ಹೊಸ ಶೇಂಗಾ."

ಬೇಡವೆಂದರೆ ಅವಮಾನ. ಅವಳು ಒಂದು ಹಿಡಿ ತೆಗೆದುಕೊಂಡು ಅಂಗಿಯ ಜೇಬಿಗೆ ಹಾಕಿಕೊಂಡಳು, ಮಂಡಿ ಬಗ್ಗಿಸಿ ವಂದಿಸಿ ಹೊರಟಳು.

ಊರಿನ ಕೊನೆಯ ಮನೆಯ ಮುಂದೆ ಒಬ್ಬ ಹೆಂಗಸು ಒರಳಿನಲ್ಲಿ ಜೋಳ ಕುಟ್ಟುತ್ತಿದ್ದಳು. ಪ್ರತಿ ಪೆಟ್ಟಿಗೂ ಅವಳ ಹೊಟ್ಟೆ ಮುಂದೆ ಬಂದು ಕಾಣುತ್ತಿತ್ತು. ಏಳು ತಿಂಗಳು, ಎಂಟೂ ಇರಬಹುದು. ಕೇಂದ್ರದ ಸಾಲಿನಲ್ಲಿ ಲುಸ್ವಿ ಅವಳನ್ನು ಒಂದು ಸಲವೂ ಕಂಡಿರಲಿಲ್ಲ. ಸೈಕಲ್ಲು ನಿಲ್ಲಿಸಿ, ಯಾವ ತಿಂಗಳು, ಪುಸ್ತಕ ಮಾಡಿಸಿದ್ದೀಯಾ ಎಂದು ಕೇಳಲು ಬಾಯಿ ತೆರೆದಳು. ಹೆಂಗಸು ಒನಕೆಯನ್ನು ಗೋಡೆಗೆ ಒರಗಿಸಿ, ಸೊಂಟದ ಬಟ್ಟೆ ಬಿಚ್ಚಿ ಹೊಟ್ಟೆ ಕಾಣದ ಹಾಗೆ ಎದೆಯಿಂದ ಕೆಳಗೆ ಸಡಿಲವಾಗಿ ಮತ್ತೆ ಸುತ್ತಿಕೊಂಡಳು. ಚೆನ್ನಾಗಿದ್ದೀರಾ ಸಿಸ್ಟರ್ ಎಂದು ನಗುತ್ತಲೇ ಕೇಳಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.